ಗೆಡ್ಡೆಗಿಂತ ಹಳೇದು ಬೀಟ್ ಸೊಪ್ಪು

ಪುಣೆಯಲ್ಲಿ ನಮ್ಮ ಬೀದಿಯ ತಳ್ಳುಗಾಡಿಯವರು ಬೀಟ್‌ರೂಟ್ ತೂಗೋ ಮೊದಲೇ ಸೊಪ್ಪು ಮುರಿದು ಬಿಸಾಕ್ತಾರೆ. ಇತಿಹಾಸದಲ್ಲಿ ನಡೆದದ್ದು ಉಲ್ಟಾ. ಮೆಡಿಟರೇನಿಯನ್ ಕಡಲ ದಂಡೆಯ ಕಾಡು ಬೀಟ್‌ಗೆ ಇಂಥ ದಪ್ಪ ಗೆಡ್ಡೆ ಇಲ್ಲ. ಜನ ಮೊದಲು ಅದನ್ನು ಬೆಳೆಸಿದ್ದು ಎಲೆಗಾಗಿ. ಉಂಡೆ ಗೆಡ್ಡೆ ಯುರೋಪಿನ ಅಡುಗೆಮನೆಗೆ ಜೋರಾಗಿ ಬಂದದ್ದು 16ನೇ ಶತಮಾನದಿಂದೀಚೆಗೆ. 1747ರಲ್ಲಿ ಬರ್ಲಿನ್ನಿನ ಮಾರ್ಗ್‌ಗ್ರಾಫ್ ಗೆಡ್ಡೆಯಿಂದ ಸಕ್ಕರೆ ತೆಗೆದು ತೋರಿಸಿದ. ಆಮೇಲೆ ದುಡ್ಡೆಲ್ಲ ಗೆಡ್ಡೆಯ ಹಿಂದೆ ಹೋಯ್ತು ಬಿಡಿ.

ತಮಾಷೆ ಏನಂದ್ರೆ, ನಾವು ಕೊಳ್ಳೋ ದೇಸಿ ಪಾಲಕ್ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬೀಟೇ, ಬೀಟಾ ವಲ್ಗ್ಯಾರಿಸ್. ಸ್ಪಿನಾಚ್ ಬೇರೆ ಗಿಡ. ಅಂದ್ರೆ ಬೀಟ್ ಸೊಪ್ಪು ಬಿಸಾಕಿ, ಪಕ್ಕದ ಗಾಡಿಯಲ್ಲಿ ಅದರ ತಮ್ಮನನ್ನೇ ದುಡ್ಡು ಕೊಟ್ಟು ತರ್ತೀವಿ!

ಬಾಲ್ಕನಿ ಕುಂಡದಲ್ಲಿ ಬೀಟ್ ಬೀಜ ಹಾಕಿ. ಒಂದೇ ಕಾಳಿನಿಂದ ಎರಡು ಮೂರು ಸಸಿ ಬಂದ್ರೆ ಗಾಬರಿ ಬೇಡ, ಅದು ಬೀಜದ ಗೊಂಚಲು. ಹೊರಗಿನ ಎಲೆ ಮಾತ್ರ ಕೀಳಿ, ಸುಳಿ ಮುಟ್ಟಬೇಡಿ. ಬಸ್ಸಾರಿಗೆ ಬೊಂಬಾಟ್ ಆಗುತ್ತೆ.