ಮೆಟ್ಟು ಕಿತ್ತವರ ಚರಿತ್ರೆ

ಕ್ರಾಯ್ಡನ್ನಿನ ನಮ್ಮ ಮನೆಯಿಂದ ಪೆಂಜ್ ಎಂಬ ಊರು ದೂರವೇನಲ್ಲ. ದಕ್ಷಿಣ ಲಂಡನ್ನಿನ ಬೇರೆ ಕಡೆಗಳಂತೆ ಅಲ್ಲೂ ಇಟ್ಟಿಗೆಯ ಸಾಲುಮನೆಗಳು, ಮೂಲೆಗೊಂದು ಅಂಗಡಿ, ಮಳೆ. ಮುಂದೆ ಬಿಲ್ ವೈಮನ್ ಎಂದು ಹೆಸರಾದ ಹುಡುಗ ಬೆಳೆದದ್ದು ಅಲ್ಲಿ. 1961ರಲ್ಲಿ, ಕೈಯಲ್ಲಿ ಹೆಚ್ಚು ಕಾಸಿಲ್ಲದ ದಿನಗಳಲ್ಲಿ, ಅವರು ಯಾರೋ ಬಳಸಿ ಬಿಟ್ಟ ಅಗ್ಗದ ಬೇಸ್ ಗಿಟಾರ್ ಒಂದನ್ನು ಕೊಂಡರು. ಅದರ ಕತ್ತಿನ ಮೇಲೆ ಅಡ್ಡಲಾಗಿದ್ದ ಲೋಹದ ಪಟ್ಟಿಗಳು, ಅಂದರೆ ಗಿಟಾರಿನವರು ಫ್ರೆಟ್ ಎಂದೂ ನಮ್ಮ ವೀಣೆಯವರು ಮೆಟ್ಟು ಎಂದೂ ಕರೆಯುವ ಆ ಪಟ್ಟಿಗಳು, ಸವೆದು ಗಿಜಿಗುಡುತ್ತಿದ್ದವು. ಎಲ್ಲವನ್ನೂ ಕಿತ್ತು ಹೊಸದು ಹಾಕಿದರಾಯಿತು ಎಂದುಕೊಂಡರು. ಕಿತ್ತ ಮೇಲೆ ನುಡಿಸಿ ನೋಡಿದರೆ ನಾದ ಮೊದಲಿಗಿಂತ ಚೆನ್ನಾಗಿತ್ತು. ಹೊಸ ಮೆಟ್ಟು ಬರಲೇ ಇಲ್ಲ. ಮರುವರ್ಷದ ಕೊನೆಗೆ ಅವರು ರೋಲಿಂಗ್ ಸ್ಟೋನ್ಸ್ ತಂಡ ಸೇರಿದರು; ಆ ಮೆಟ್ಟಿಲ್ಲದ ಬೇಸ್ ತಂಡದ ಧ್ವನಿಮುದ್ರಣಗಳಿಗೂ ಹೋಯಿತು.

ಈ ಕಥೆ ನನಗೆ ಧೈರ್ಯ ಕೊಟ್ಟಿತು. ಕಳೆದ ಚಳಿಗಾಲದಲ್ಲಿ ನನ್ನ ಬಳಿಯೂ ಇದ್ದದ್ದು ನೂರು ಪೌಂಡಿನ ಲೆಕ್ಕ. ಐವತ್ತು ದಾಟಿದವನಿಗೆ ಬೇಸ್ ಹುಚ್ಚು ಯಾಕೆ ಎಂದು ಮನೆಯಲ್ಲಿ ಕೇಳಿದರು. ಉತ್ತರ ಇರಲಿಲ್ಲವಾದ್ದರಿಂದ ಬಜೆಟ್ ಮೀರುವುದಿಲ್ಲ ಎಂದು ಮಾತು ಕೊಟ್ಟೆ.

ಈ ವಾದ್ಯಕ್ಕೆ ಮೆಟ್ಟು ಬಂದದ್ದೂ ಒಂದು ಕಷ್ಟದ ಪರಿಹಾರಕ್ಕಾಗಿಯೇ. ಅದಕ್ಕೂ ಮೊದಲು ವಾದ್ಯವೃಂದದ ಮಂದ್ರಸ್ವರಕ್ಕೆ ಇದ್ದದ್ದು ಆಳೆತ್ತರದ ಡಬಲ್ ಬೇಸ್. ಸಾಗಿಸುವುದು ಪಾಡು, ಗದ್ದಲದಲ್ಲಿ ಕೇಳಿಸುವುದಿಲ್ಲ, ಬೆರಳು ಎಲ್ಲಿಡಬೇಕೆಂದು ಕಲಿಯಲು ವರ್ಷಗಳು ಬೇಕು. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಅಂಗಡಿಯಿಂದ ಬದುಕು ಆರಂಭಿಸಿದ ಲಿಯೋ ಫೆಂಡರ್ 1951ರಲ್ಲಿ ಇದಕ್ಕೆಲ್ಲ ಒಂದೇ ಉತ್ತರ ಕೊಟ್ಟರು: ಹೆಗಲಿಗೆ ತೂಗುಹಾಕಿಕೊಳ್ಳುವ, ವಿದ್ಯುತ್ತಿನಿಂದ ನುಡಿಯುವ, 34 ಅಂಗುಲ ತಂತಿಯಳತೆಯ, ಮೆಟ್ಟಿರುವ ಬೇಸ್. ಹೆಸರು ಪ್ರಿಸಿಷನ್ ಬೇಸ್. ಪ್ರಿಸಿಷನ್ ಎಂದರೆ ಕರಾರುವಾಕ್ಕು. ಮೆಟ್ಟಿನ ಹಿಂದೆ ಎಲ್ಲಿ ಒತ್ತಿದರೂ ಸ್ವರ ತಪ್ಪದು ಎಂಬ ಭರವಸೆ ಹೆಸರಿನಲ್ಲೇ ಇತ್ತು.

ಹತ್ತು ವರ್ಷಕ್ಕೇ ಪೆಂಜಿನಲ್ಲಿ ಆ ಭರವಸೆಯನ್ನು ಇಕ್ಕಳದಿಂದ ಕಿತ್ತುಹಾಕಿದ್ದು ಹೀಗೆ. ಕಾರ್ಖಾನೆಯವರು ನಿಧಾನವಾಗಿ ಬಂದರು. ಅಮೆರಿಕದ ಆಂಪೆಗ್ ಕಂಪನಿ 1966ರಲ್ಲಿ ಮೆಟ್ಟಿಲ್ಲದ ಬೇಸನ್ನು ಮಾರಾಟಕ್ಕೆ ತಂದಿತು. ಡಬಲ್ ಬೇಸಿನ ಮುಳ್ಳಿನೊಳಗೆ ಮೈಕು ಕೂರಿಸುವ ಉಪಾಯದಿಂದಲೇ ಹುಟ್ಟಿದ ಕಂಪನಿ ಅದು. ಹಾಗಾಗಿ ಆ ಹೊಸ ವಾದ್ಯದ ಮೈಯಲ್ಲೂ ಪಿಟೀಲಿನಂಥ ರಂಧ್ರಗಳು. ಫೆಂಡರ್ ಕಂಪನಿ ತನ್ನ ಕರಾರುವಾಕ್ಕು ಬೇಸನ್ನು ಮೆಟ್ಟಿಲ್ಲದೆ ಮಾರಿದ್ದು 1970ರಲ್ಲಿ. ಹೆಸರು ಮಾತ್ರ ಬದಲಿಸಲಿಲ್ಲ.

ಆದರೂ ಜಗತ್ತು ಈ ನಾದಕ್ಕೆ ಕಿವಿಗೊಟ್ಟದ್ದು ಅಂಗಡಿಯ ವಾದ್ಯದಿಂದಲ್ಲ. ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲಿನಲ್ಲಿ ಬೆಳೆದ ಜಾಕೋ ಪಾಸ್ಟೋರಿಯಸ್ ಬಳಿ 1962ರ ಒಂದು ಹಳೆಯ ಫೆಂಡರ್ ಜಾಜ್ ಬೇಸ್ ಇತ್ತು. ಮೆಟ್ಟು ಕಿತ್ತ ಗೀರುಗಳಿಗೆ ಮರದ ಲಪ್ಪ ತುಂಬಿ, ಅದರ ಮೇಲೆ ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಪದರ ಪದರವಾಗಿ ಬಳಿದರು. ಒರಟು ತಂತಿ ಮರವನ್ನು ತಿಂದುಹಾಕಬಾರದಲ್ಲ. ಬೆಣ್ಣೆ ಸವರುವ ಚಾಕುವಿನಿಂದ ತಾವೇ ಮೆಟ್ಟು ಕಿತ್ತದ್ದಾಗಿ ಅವರು ಹೇಳಿದ್ದುಂಟು. ಕೊಂಡಾಗಲೇ ಯಾರೋ ಕಿತ್ತಿದ್ದರು ಎಂಬ ಮಾತೂ ಉಂಟು. ಎರಡರಲ್ಲಿ ಯಾವುದು ನಿಜವಾದರೂ ಕೆಲಸ ನಡೆದದ್ದು ಕೈಗೆ ಸಿಕ್ಕ ಸಾಮಾನಿನಿಂದ. 1976ರಲ್ಲಿ ಅವರ ಮೊದಲ ಆಲ್ಬಮ್ ಬಂತು. ಅದೇ ವರ್ಷ ಜೋನಿ ಮಿಚೆಲ್ ಅವರ ‘ಹೆಜಿರಾ’ದಲ್ಲಿ, ಮರುವರ್ಷ ವೆದರ್ ರಿಪೋರ್ಟ್ ತಂಡದ ‘ಹೆವಿ ವೆದರ್’ನಲ್ಲಿ ಆ ಬೇಸ್ ಹಾಡಿತು. 1987ರಲ್ಲಿ, 35ನೇ ವಯಸ್ಸಿನಲ್ಲಿ, ಜಾಕೋ ತೀರಿಕೊಂಡರು.

ಹಣವಿಲ್ಲದವರ ಕೈಕೆಲಸವಾಗಿ ಈ ಚರಿತ್ರೆ ಓದಿಕೊಂಡ ನನಗೆ ಒಂದು ಮಾತು ತಡವಾಗಿ ತಿಳಿಯಿತು. ಮೆಟ್ಟು ಕೀಳುವುದು ಅಗ್ಗ. ಬೆಲೆ ತೆರಬೇಕಾದ್ದು ಆಮೇಲೆ, ಬೇರೆ ನಾಣ್ಯದಲ್ಲಿ.

ಬಳಸಿದ ನಾಲ್ಕು ತಂತಿಯ ಬೇಸಿಗೆ 55 ಪೌಂಡ್ ಕೊಟ್ಟೆ. ಬೆಸುಗೆ ಕಡ್ಡಿಯಿಂದ ಮೆಟ್ಟನ್ನು ಕಾಯಿಸಿದರೆ ಒಳಗಿನ ಅಂಟು ಸಡಿಲಾಗುತ್ತದೆ. ಆಗ ಇಕ್ಕಳದಿಂದ ಮೆಲ್ಲಗೆ ಎತ್ತಬೇಕು. ಏಳನೆಯದರಲ್ಲಿ ತಾಳ್ಮೆಗೆಟ್ಟು ತಣ್ಣಗಿದ್ದಾಗಲೇ ಎಳೆದೆ. ಕಡಲೆಬೇಳೆಯಷ್ಟು ಮರ ಚಕ್ಕೆಯೆದ್ದಿತು. ಚಕ್ಕೆಯನ್ನು ನೆಲದಲ್ಲಿ ಹುಡುಕಿ ಅಂಟಿಸಿದೆ; ಗಾಯ ಇಂದಿಗೂ ಕಾಣುತ್ತದೆ. ಗೀರುಗಳಿಗೆ ಬಿಳಿಯ ಮರದ ತೆಳು ಪಟ್ಟಿ ತುಂಬಿ, ಉಜ್ಜಿ, ಮಟ್ಟ ಮಾಡಿದೆ. ತಂತಿ ಮಾತ್ರ ನುಣುಪಾದ ಚಪ್ಪಟೆ ಸುತ್ತಿನದು, ಮರ ಸವೆಯದಿರಲೆಂದು. ಅದಕ್ಕೆ 28 ಪೌಂಡ್. ಮರದ ಪಟ್ಟಿ, ಅಂಟು, ಉಜ್ಜುಕಾಗದ ಸೇರಿ ಒಟ್ಟು 94. ಮನೆಯಲ್ಲಿ ಕೊಟ್ಟ ಮಾತು ಉಳಿಯಿತು.

ನುಡಿಸಿದಾಗ ಉಳಿಯಲಿಲ್ಲ. ಮೆಟ್ಟಿದ್ದಾಗ ಅದರ ಹಿಂದೆ ಎಲ್ಲೋ ಒತ್ತಿದರೆ ಸಾಕಿತ್ತು. ಈಗ ಬಿಳಿಗೆರೆಯ ಮೇಲೇ ಬೆರಳು ಕೂರಬೇಕು. ತುದಿಯ ಬಳಿ ಒಂದು ಗೆರೆಯಿಂದ ಇನ್ನೊಂದಕ್ಕೆ 48 ಮಿಲಿಮೀಟರ್. ನಡುವಿಗೆ ಬರುವಷ್ಟರಲ್ಲಿ 26. ಪ್ರತಿ ಸ್ವರಕ್ಕೂ ಕೈಯ ಅಳತೆ ಬೇರೆ. ಮೂರು ವಾರ ನನ್ನ ಮನೆಯಲ್ಲಿ ಕೇಳಿಸಿದ್ದು ಹಲ್ಲುನೋವಿನ ಎಮ್ಮೆಯ ದನಿ.

ಮೈಸೂರಿನಲ್ಲಿರುವ ಅಮ್ಮ ಬಹುಕಾಲ ವೀಣೆ ಕಲಿಸಿದವರು. ವೀಣೆಯ 24 ಮೆಟ್ಟುಗಳು ಕೂತಿರುವುದು ಮೇಣದಲ್ಲಿ. ಬೇಸಿಗೆಯ ಸೆಕೆಗೆ ಮೇಣ ಮೆತ್ತಗಾದರೆ ಮೆಟ್ಟು ಜರುಗುತ್ತದೆ. ನಾನು ಚಿಕ್ಕವನಿದ್ದಾಗ ಕುಶಲಕರ್ಮಿಯೊಬ್ಬರು ಮನೆಗೇ ಬಂದು ಮೆಟ್ಟು ಕೂರಿಸುತ್ತಿದ್ದರು. ಅಮ್ಮ ಎದುರು ಕೂತು, ಕಣ್ಣುಮುಚ್ಚಿ, “ಸ್ವಲ್ಪ ಕೆಳಗೆ... ಸಾಕು” ಅನ್ನುತ್ತಿದ್ದರು. ಅಷ್ಟೆಲ್ಲ ನೋಡಿಯೂ ನಾನು ಹದಿನಾಲ್ಕಕ್ಕೆ ಪಾಠ ಬಿಟ್ಟೆ. ಈಗ ಅಮ್ಮನ ಬೆರಳಗಂಟುಗಳು ಬಾತು ಮಡಚುವುದಿಲ್ಲ. ವೀಣೆ ಗವಸಿನಲ್ಲಿದೆ.

ಒಂದು ಭಾನುವಾರ ಫೋನಿನಲ್ಲಿ ಮಾತಾಡುತ್ತ, ಶ್ರುತಿ ಹಾಕಿಕೊಂಡು, ತೆರೆದ ತಂತಿಯನ್ನೇ ಷಡ್ಜ ಮಾಡಿ ಸರಳೆವರಸೆ ನುಡಿಸಿದೆ. ಫೋನಿನ ಪುಟ್ಟ ಸ್ಪೀಕರಿಗೆ ಮಂದ್ರದ ಮೂಲನಾದ ದಾಟುವುದಿಲ್ಲ, ಮೇಲಿನ ಅನುನಾದಗಳಷ್ಟೇ ದಾಟುತ್ತವೆ. ಆ ಕಡೆಯಿಂದ ಅಷ್ಟರಲ್ಲೇ ತೀರ್ಪು ಬಂತು: “ಗಾಂಧಾರ ಏರಿದೆ.”

ಬೆರಳು ನೋಡಿದೆ. ಬಿಳಿಗೆರೆಯ ಮೇಲೆ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. “ಗೆರೆಯ ಮೇಲೇ ಇದೆ ಅಮ್ಮ” ಅಂದೆ.

“ಗೆರೆ ಯಾರು ಹಾಕಿದ್ದು?”

ಲೆಕ್ಕ ಹಾಕಿದೆ. ಗಿಟಾರಿನ ಮೆಟ್ಟುಗಳು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡುತ್ತವೆ. ತಂಬೂರಿಯ ತಂತಿಯೊಳಗಿಂದ ತಾನಾಗಿ ಕೇಳುವ ಅಂತರ ಗಾಂಧಾರ ಬೀಳುವುದು ತಂತಿಯ ಐದನೇ ನಾಲ್ಕು ಪಾಲಿಗೆ. 34 ಅಂಗುಲದ ತಂತಿಯಲ್ಲಿ ಈ ಎರಡರ ನಡುವೆ ಸುಮಾರು 5 ಮಿಲಿಮೀಟರ್ ಅಂತರ. ಫುಲ್ಲರ್ಟನ್ನಿನ ಕರಾರುವಾಕ್ಕು ತಪ್ಪಲ್ಲ. ಬೇರೆ ಸಂಗೀತದ ಲೆಕ್ಕ. ಮೆಟ್ಟು ಇದ್ದಿದ್ದರೆ ನಾನು ಅಮ್ಮನ ಜತೆ ವಾದಿಸಿ ಗೆಲ್ಲುತ್ತಿದ್ದೆ.

ಬೆರಳನ್ನು ತಲೆಯ ಕಡೆಗೆ ಸರಿಸಿದೆ.

“ಇನ್ನೂ ಕೆಳಗೆ... ಸಾಕು.”

ಈಗ ಪ್ರತಿ ಭಾನುವಾರ ಪಾಠ. ನಮ್ಮ ಬೆಳಗಿನ ಕಾಫಿಯ ಹೊತ್ತು, ಅವರ ಮಧ್ಯಾಹ್ನದ ಊಟವಾದ ಮೇಲೆ. ಜಂಟಿವರಸೆಗೆ ಬಂದಿದ್ದೇವೆ.