ನಾಣ್ಯಸಂಗ್ರಾಹಕರೂ ರಾಷ್ಟ್ರನಾಣ್ಯದ ಸುಧಾರಣೆಯೂ

ನಾಣ್ಯವನ್ನು ಚರಿತ್ರೆಯ ಆಧಾರವೆಂದು ಓದುವುದು ನಮ್ಮ ವಿದ್ಯಾರ್ಥಿಗಳಿಗೆ ಹೊಸದಲ್ಲ. ಶಾಸನಗಳು ಮೌನವಾಗಿರುವಲ್ಲಿ ನಾಣ್ಯವು ಮಾತನಾಡುವುದುಂಟು. 1891ರಲ್ಲಿ ಯಶವಂತಪುರದಲ್ಲಿ ದೊರೆತ 163 ರೋಮನ್ ಬೆಳ್ಳಿಯ ನಾಣ್ಯಗಳು ಇದಕ್ಕೆ ಪ್ರಸಿದ್ಧ ನಿದರ್ಶನ. ಆದರೆ ನಾಣ್ಯಗಳನ್ನು ಕೂಡಿಡುವವನಿಗೆ ಚಲಾವಣೆಯಲ್ಲಿರುವ ನಾಣ್ಯದ ರೂಪವನ್ನು ಕುರಿತು ಸರ್ಕಾರವನ್ನು ಒತ್ತಾಯಿಸುವ ಅಧಿಕಾರವುಂಟೆ? ಉಂಟೆಂದಾದರೆ ಅವನು ಏನನ್ನು ಕೇಳಬೇಕು, ಏನನ್ನು ಕೇಳಬಾರದು? ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟಗಳ ಸೀಮೆಯನ್ನು ದೃಷ್ಟಿಯಲ್ಲಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮೈಸೂರಿನ ಅನುಭವ

ನಾಣ್ಯದ ರೂಪ ಬದಲಾದಾಗ ಜನಜೀವನದಲ್ಲಿ ಆಗುವ ಪರಿಣಾಮವನ್ನು ತಿಳಿಯಲು ಹದಿನೆಂಟನೆಯ ಶತಮಾನದ ಮೈಸೂರು ಸಂಸ್ಥಾನಕ್ಕಿಂತ ಒಳ್ಳೆಯ ಕ್ಷೇತ್ರವಿಲ್ಲ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಇಕ್ಕೇರಿ ನಾಯಕರ ವರಹದ ಮೇಲಿದ್ದ ಶಿವಪಾರ್ವತಿಯರ ಮೂರ್ತಿಯನ್ನು ಅಳಿಸಲಿಲ್ಲ. ಮುಂಭಾಗವನ್ನು ಹಾಗೆಯೇ ಉಳಿಸಿ ಹಿಂಭಾಗದಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಮಾತ್ರ ಹಾಕಿಸಿ ಬಹಾದುರಿ ವರಹವನ್ನು ಹೊರಡಿಸಿದನು. ಪೇಟೆಯವರು ಯಾವ ಮುದ್ರೆಯನ್ನು ನಂಬಿದ್ದರೋ ಆ ಮುದ್ರೆಯನ್ನು ರಾಜ್ಯವು ಮುಂದುವರಿಸಿತು. ಇದು ವ್ಯವಹಾರಜ್ಞಾನದ ನೀತಿ.

ಟಿಪ್ಪು ಸುಲ್ತಾನನು ಹಿಡಿದ ದಾರಿ ಬೇರೆ. ಚಿನ್ನದ ನಾಣ್ಯಗಳಿಗೆ ಅಹಮದಿ, ಸಿದ್ದಿಕಿ, ಫಾರೂಕಿ ಎಂದೂ, ಬೆಳ್ಳಿಯವಕ್ಕೆ ಹೈದರಿ, ಇಮಾಮಿ, ಆಬಿದಿ ಮೊದಲಾಗಿಯೂ, ತಾಮ್ರದವಕ್ಕೆ ಜೊಹ್ರಾ, ಬಹರಾಮ್, ಅಖ್ತರ್, ಕುತುಬ್ ಎಂದು ನಕ್ಷತ್ರಗ್ರಹಗಳ ಹೆಸರುಗಳನ್ನೂ ಇಟ್ಟನು. ಮೌಲೂದಿ ಎಂಬ ಹೊಸ ಶಕೆಯನ್ನು ತಂದು ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಟಂಕಸಾಲೆಗಳಿದ್ದ ಊರುಗಳಿಗೂ ಹೊಸ ನಾಮಕರಣವಾಯಿತು. ಚಿಂತಾಮಣಿಗೆ ಈಶಾನ್ಯದಲ್ಲಿ, ಇಂದು ಆಂಧ್ರಪ್ರದೇಶಕ್ಕೆ ಸೇರಿರುವ ಗುರ್ರಂಕೊಂಡವು ಜಫರಾಬಾದ್ ಎಂಬ ಹೆಸರಿನಿಂದ ಈ ನಾಣ್ಯಗಳ ಮೇಲೆ ಕಾಣಿಸಿಕೊಳ್ಳುತ್ತದೆ. ಈ ವೈವಿಧ್ಯವೇ ಇಂದಿನ ಸಂಗ್ರಾಹಕನಿಗೆ ಹಬ್ಬ. ಹೆಂಡರ್ಸನ್ನನು 1921ರಲ್ಲಿ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳನ್ನೇ ಕುರಿತು ಒಂದು ಗ್ರಂಥವನ್ನು ರಚಿಸಿದುದು ಈ ಕಾರಣದಿಂದಲೇ. ಆದರೆ ಸಂತೆಗೆ ಬಂದ ರೈತನಿಗೆ ಶಕೆಯ ಹೆಸರೂ ಗ್ರಹದ ಹೆಸರೂ ಬೇಕಾಗಿರಲಿಲ್ಲ. ತೂಕವೂ ಬೆಲೆಯೂ ಮಾತ್ರ ಬೇಕಾಗಿದ್ದುವು. ನಾಣ್ಯದ ಬಗೆಗಳು ಹೆಚ್ಚಿದಷ್ಟೂ ಬಲಗೊಳ್ಳುವವನು ಬೆಲೆಯನ್ನು ನಿರ್ಣಯಿಸುವ ಚಿನಿವಾರನು. 1800-01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ, ಚಿಕ್ಕಬಳ್ಳಾಪುರಕ್ಕೂ ಬಂದಿದ್ದ ಬುಕಾನನ್ನನು ಅಳತೆ ತೂಕಗಳ ಜೊತೆಗೆ ಬಗೆಬಗೆಯ ನಾಣ್ಯಗಳ ವಿನಿಮಯವನ್ನೂ ಬರೆದಿಡಬೇಕಾಯಿತೆಂಬುದು ಗಮನಾರ್ಹ.

ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಲ್ಲಿ ಕನ್ನಡ, ಪಾರಸಿ, ಇಂಗ್ಲಿಷ್ ಮೂರೂ ಲಿಪಿಗಳು ಒಂದೇ ಬಿಲ್ಲೆಯ ಮೇಲೆ ಕಾಣುತ್ತವೆ. 1843ರಲ್ಲಿ ಬೆಂಗಳೂರಿನ ಟಂಕಸಾಲೆ ಮುಚ್ಚಿದೊಡನೆ ಈ ಪರಂಪರೆ ಮುಗಿಯಿತು. 1907ರಿಂದ ಬಂದ ಒಂದಾಣೆಯ ಮೇಲೆ ತೆಲುಗು ಅಕ್ಷರವಿತ್ತು, ಕನ್ನಡವಿರಲಿಲ್ಲ. ಕನ್ನಡ ತೆಲುಗುಗಳೆರಡನ್ನೂ ಆಡುವ ನಮ್ಮ ಸೀಮೆಯ ಜನರ ಕೈಯಲ್ಲಿ ಅರ್ಧ ಭಾಷೆಯ ನಾಣ್ಯ ಓಡಾಡಿತೆನ್ನಬೇಕು.

2. ದಶಮಾಂಶ ಪದ್ಧತಿಯ ಪಾಠ

ಸ್ವತಂತ್ರ ಭಾರತದಲ್ಲಿ ನಡೆದ ಅತಿ ದೊಡ್ಡ ನಾಣ್ಯಸುಧಾರಣೆ 1957ರ ಏಪ್ರಿಲ್ 1ರಂದು ಜಾರಿಗೆ ಬಂದ ದಶಮಾಂಶ ಪದ್ಧತಿ. ಹದಿನಾರು ಆಣೆಯ, ಅರವತ್ತನಾಲ್ಕು ಕಾಸಿನ ರೂಪಾಯಿಯು ನೂರು ನಯೇ ಪೈಸೆಯ ರೂಪಾಯಿಯಾಯಿತು. ಲೆಕ್ಕ ಸುಲಭವಾಯಿತೆಂಬುದು ನಿರ್ವಿವಾದ. ಆದರೂ ಸಂಧಿಕಾಲದ ಕಷ್ಟವನ್ನು ಮರೆಯಬಾರದು. ಒಂದಾಣೆಗೆ ಸರಿಯಾದ ಬೆಲೆ ಆರೂಕಾಲು ನಯೇ ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲದುದರಿಂದ ಕೋಷ್ಟಕದಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ನಿಗದಿಯಾಯಿತು. ನಾಲ್ಕಾಣೆಯನ್ನು ಒಟ್ಟಾಗಿ ಪಡೆದವನಿಗೆ 25 ಪೈಸೆ. ಒಂದೊಂದಾಣೆಯಂತೆ ನಾಲ್ಕು ಸಲ ಪಡೆದವನಿಗೆ 24. ಒಂದು ಕಾಸಿನ ಉಪ್ಪಿಗೆ ಒಂದೂವರೆಗಿಂತ ತುಸು ಹೆಚ್ಚು ಸಲ್ಲಬೇಕಾದಲ್ಲಿ ಕೋಷ್ಟಕದಂತೆ 2 ಸಲ್ಲಬೇಕಾಯಿತು. ಸಗಟಾಗಿ ಕೊಳ್ಳುವವನಿಗೆ ಈ ಭೇದವು ಲೆಕ್ಕಕ್ಕೆ ಬಾರದು. ಚಿಲ್ಲರೆಯಾಗಿ ಕೊಂಡು ಚಿಲ್ಲರೆಯಾಗಿ ಗಳಿಸುವವನಿಗೆ ಬರುತ್ತದೆ. 1964ರ ಜೂನ್ 1ರಂದು ‘ನಯೇ’ ಎಂಬ ಮಾತು ಬಿದ್ದುಹೋಯಿತು. ಸುಧಾರಣೆ ಸಾರ್ಥಕವಾಯಿತು, ಆದರೆ ಯಾವ ಬದಲಾವಣೆಯೂ ಪುಕ್ಕಟೆಯಲ್ಲವೆಂಬ ಪಾಠವೂ ಉಳಿಯಿತು.

3. ಸ್ಮಾರಕ ನಾಣ್ಯಗಳ ಸಮಸ್ಯೆ

ಸಂಗ್ರಾಹಕರ ಸಾಮಾನ್ಯ ಬಯಕೆ ಹೊಸ ಹೊಸ ಸ್ಮಾರಕ ನಾಣ್ಯಗಳು. 1964ರಲ್ಲಿ ನೆಹರೂ ಸ್ಮಾರಕ ನಾಣ್ಯದಿಂದ ಆರಂಭವಾದ ಈ ಪದ್ಧತಿ ಬೆಳೆಯುತ್ತ ಬಂದಿದೆ. ತಮ್ಮ ನಾಡಿನ ಮಹನೀಯರೂ ಸ್ಥಳಗಳೂ ನಾಣ್ಯದ ಮೇಲೆ ಬರಲೆಂದು ಬಯಸುವುದು ಸಹಜ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು, ನಂದಿಯ ಭೋಗನಂದೀಶ್ವರ ದೇವಾಲಯ, 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ವಿದುರಾಶ್ವತ್ಥ, ಇವು ಯಾವ ಗೌರವಕ್ಕೂ ಅರ್ಹವೇ. ಆದರೆ ಗೌರವಕ್ಕೆ ತಕ್ಕ ವಾಹನವಾವುದೆಂಬುದನ್ನು ವಿವೇಚಿಸಬೇಕು. ವಿಶ್ವೇಶ್ವರಯ್ಯನವರ ಅಂಚೆಚೀಟಿ 1960ರಲ್ಲಿ ಅವರು ಜೀವಿಸಿದ್ದಾಗಲೇ ಹೊರಬಂದಿತು. ಅಂಚೆಚೀಟಿಯು ಒಮ್ಮೆ ಬಳಕೆಯಾದರೆ ಅದರ ಕಾರ್ಯ ಮುಗಿಯಿತು. ನಾಣ್ಯವಾದರೋ ಕೈಯಿಂದ ಕೈಗೆ ಹೋಗಿ, ಪ್ರತಿ ಕೈಯಲ್ಲಿಯೂ ತಾನು ನಿಜವೆಂದು ಮತ್ತೆ ಒಪ್ಪಿಸಬೇಕು.

ಈ ಭೇದ ಕಲ್ಪಿತವಲ್ಲ. ಎರಡು ಲೋಹಗಳ ಹತ್ತು ರೂಪಾಯಿಯ ನಾಣ್ಯವನ್ನು ಖೋಟಾ ಎಂಬ ವದಂತಿಯಿಂದ ವ್ಯಾಪಾರಿಗಳು ಹಲವೆಡೆ ನಿರಾಕರಿಸತೊಡಗಿದರು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಪ್ರಕಟಣೆ ಹೊರಡಿಸಿ, ಈ ನಾಣ್ಯದಲ್ಲಿ ಹದಿನಾಲ್ಕು ವಿನ್ಯಾಸಗಳಿವೆಯೆಂದೂ ಎಲ್ಲವೂ ಶಾಸನಬದ್ಧ ಚಲಾವಣೆಗೆ ಅರ್ಹವೆಂದೂ ಸಾರಬೇಕಾಯಿತು. ಹದಿನಾಲ್ಕು ವಿನ್ಯಾಸವೆಂದರೆ ಸಂಗ್ರಾಹಕನ ಪೆಟ್ಟಿಗೆಯಲ್ಲಿ ಹದಿನಾಲ್ಕು ಸುಂದರ ವಸ್ತುಗಳು. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಕೂಲಿಕಾರನಿಗೆ ಅಂಗಡಿಯವನೊಡನೆ ಹದಿನಾಲ್ಕು ವಾಗ್ವಾದಗಳು. ಚಿತ್ರದ ಆಯ್ಕೆಯೂ ವಿವಾದಕ್ಕೆಡೆ. ಬೃಹದೀಶ್ವರ ದೇವಾಲಯ ಮತ್ತು ವೈಷ್ಣೋದೇವಿಯರ ಚಿತ್ರವುಳ್ಳ ನಾಣ್ಯಗಳನ್ನು ಹಿಂತೆಗೆಯಬೇಕೆಂಬ ಅರ್ಜಿ ದೆಹಲಿಯ ಉಚ್ಚನ್ಯಾಯಾಲಯದವರೆಗೆ ಹೋಗಿ 2018ರಲ್ಲಿ ವಜಾ ಆಯಿತು.

ವಿದೇಶದ ಉದಾಹರಣೆಯನ್ನೂ ನೋಡಬಹುದು. ಅಮೆರಿಕದಲ್ಲಿ 1920ರಲ್ಲಿ ಫರಾನ್ ಜರ್ಬೆ ಎಂಬ ಸಂಗ್ರಾಹಕನು ನಾಣ್ಯಸಂಘದ ಮುಂದಿಟ್ಟ ಸಲಹೆಯೇ 1921ರ ಶಾಂತಿ ಡಾಲರಿಗೆ ಮೂಲ. 1999ರಿಂದ 2008ರವರೆಗೆ ವರ್ಷಕ್ಕೆ ಐದರಂತೆ ಐವತ್ತು ರಾಜ್ಯಗಳ ಕಾಲು ಡಾಲರುಗಳು ಬಂದುದಕ್ಕೂ ಸಂಗ್ರಾಹಕರ ಪ್ರೇರಣೆಯಿದ್ದಿತು. ಅಲ್ಲಿ ಗಾತ್ರ, ತೂಕ, ಲೋಹಗಳು ಬದಲಾಗಲಿಲ್ಲ. ವರ್ಷವರ್ಷದ ಕ್ರಮವೂ ಮೊದಲೇ ಪ್ರಕಟವಾಗಿತ್ತು. ವೈವಿಧ್ಯವನ್ನು ತಂದರೂ ಗುರುತನ್ನು ಕೆಡಿಸದಿರುವುದು ಸಾಧ್ಯವೆಂಬುದಕ್ಕೆ ಇದು ಸಾಕ್ಷಿ.

4. ಕೇಳಬೇಕಾದುದು

ಹಾಗಾದರೆ ಸಂಗ್ರಾಹಕನು ಸುಮ್ಮನಿರಬೇಕೆ? ಹಾಗಲ್ಲ. ನಾಣ್ಯದ ಗಾತ್ರ ತೂಕಗಳನ್ನು ಸಾಲುಸಾಲಾಗಿ ಬಲ್ಲವನು ಅವನೇ. 2011ಕ್ಕೆ ಮೊದಲಿನ ಉಕ್ಕಿನ ಒಂದು ರೂಪಾಯಿಯೂ 2011ರ ನಂತರದ ಎರಡು ರೂಪಾಯಿಯೂ 25 ಮಿಲಿಮೀಟರ್ ಅಗಲ, 4.85 ಗ್ರಾಂ ತೂಕದವು. ಎರಡೂ ಒಟ್ಟಿಗೆ ಓಡಾಡುವಾಗ ಅಂಧನು ಬೆರಳಿನಿಂದ ಹೇಗೆ ತಿಳಿದಾನು? ಅಕ್ಷರ ಬಾರದವನೂ ಗಾತ್ರವನ್ನೇ ನಂಬುತ್ತಾನೆ. 2019ರ ಮಾರ್ಚಿಯಲ್ಲಿ ಹೊರಬಂದ ಹೊಸ ಸರಣಿಯಲ್ಲಿ ಬೆಲೆಯೊಡನೆ ಗಾತ್ರವೂ ಏರುವಂತೆ ಮಾಡಿ, ಇಪ್ಪತ್ತು ರೂಪಾಯಿಗೆ ಹನ್ನೆರಡು ಮೂಲೆಗಳನ್ನಿಟ್ಟುದು ಈ ದೋಷದ ಪರಿಹಾರಕ್ಕಾಗಿಯೇ. ಇಂತಹ ದೋಷವನ್ನು ಅದು ಜನರ ಕೈ ಸೇರುವ ಮೊದಲೇ ತೋರಿಸಿಕೊಡುವುದು ಸಂಗ್ರಾಹಕನ ಧರ್ಮ.

2011ರ ನಾಣ್ಯ ಅಧಿನಿಯಮದಂತೆ ನಾಣ್ಯದ ರೂಪವನ್ನು ನಿರ್ಣಯಿಸುವುದು ಕೇಂದ್ರ ಸರ್ಕಾರ. ಚಲಾವಣೆಗೆ ಬಿಡುವುದು ರಿಸರ್ವ್ ಬ್ಯಾಂಕು. ಆದುದರಿಂದ ಬೇಡಿಕೆಯನ್ನು ಮಂಡಿಸಬೇಕಾದುದು ಕೇಂದ್ರದ ಅರ್ಥಶಾಖೆಯ ಮುಂದೆ. ಆ ಬೇಡಿಕೆ ಮೂರು ವಿಷಯಗಳಿಗೆ ಸೀಮಿತವಾದರೆ ಲೇಸು. ಒಂದು, ಸ್ಮಾರಕ ಚಿತ್ರಗಳು ಸಂಗ್ರಹಕ್ಕೆಂದೇ ಮಾರುವ ನಾಣ್ಯಗಳ ಮೇಲಿರಲಿ, ಪೇಟೆಯ ನಾಣ್ಯದ ಮೇಲೆ ವಿರಳವಾಗಲಿ. ಎರಡು, ಬೆರಳಿಗೆ ತಿಳಿಯುವ ಭೇದವಿಲ್ಲದೆ ಯಾವ ನಾಣ್ಯವೂ ಹೊರಡದಿರಲಿ. ಮೂರು, ಹೊಸ ನಾಣ್ಯದ ಚಿತ್ರವೂ ಲಕ್ಷಣವೂ ಅದು ಬರುವ ಮೊದಲೇ ಪ್ರಾಂತಭಾಷೆಗಳಲ್ಲಿ ಪ್ರಕಟವಾಗಲಿ. ನೋಟಿನ ಹಿಂಬದಿಯ ಭಾಷಾಪಟ್ಟಿಯಲ್ಲಿ ಕನ್ನಡಕ್ಕೆ ಸ್ಥಾನವಿದೆ. ಪುಟ್ಟ ನಾಣ್ಯದ ಮೇಲೆ ಎಲ್ಲ ಭಾಷೆಗಳಿಗೂ ಎಡೆಯಿಲ್ಲ. ಅದನ್ನು ಕುರಿತ ಪ್ರಕಟಣೆಯಲ್ಲಿ ಎಡೆಯಿಲ್ಲವೆನ್ನಲಾಗದು.

ಇಲ್ಲಿ ಸ್ವಾರ್ಥದ ಪ್ರಶ್ನೆಯೂ ಏಳುತ್ತದೆ. ಒಂದು ನಾಣ್ಯ ನಿಂತುಹೋದರೆ ಅದನ್ನು ಕೂಡಿಟ್ಟವನಿಗೆ ಲಾಭ. 2011ರ ಜೂನ್ 30ರಿಂದ 25 ಪೈಸೆಯೂ ಅದಕ್ಕಿಂತ ಕಡಿಮೆಯವೂ ಚಲಾವಣೆಯನ್ನು ಕಳೆದುಕೊಂಡುವು. ಇಂತಹ ನಿರ್ಣಯಗಳಲ್ಲಿ ಲಾಭಪಡೆಯುವವನ ಸಲಹೆಗೆ ಬೆಲೆ ಕಡಿಮೆ. ತನ್ನ ಸಂಗ್ರಹಕ್ಕೆ ಉಪಯೋಗವಿಲ್ಲದ ಸುಧಾರಣೆಯನ್ನು ಸಂಗ್ರಾಹಕನು ಕೇಳಿದಾಗಲೇ ಅವನ ಮಾತಿಗೆ ತೂಕ ಬರುತ್ತದೆ.

ಮರಾಠ ಮುಖಂಡ ಚಿಂತಾಮಣಿರಾಯನ ಹೆಸರನ್ನು ಹೊತ್ತು ಚಿನ್ನಬೆಳ್ಳಿಯ ವ್ಯಾಪಾರಕ್ಕೆ ಹೆಸರಾದ ಚಿಂತಾಮಣಿಯಲ್ಲಿ ನಾಣ್ಯವನ್ನು ಪರೀಕ್ಷಿಸುವ ಕಣ್ಣುಗಳಿಗೆ ಎಂದೂ ಕೊರತೆಯಿರಲಿಲ್ಲ. ಹಿಂದೆ ಆ ಕಣ್ಣಿಗೆ ವಟ್ಟ ಕೊಡಬೇಕಾಗಿತ್ತು. ಇಂದಿನ ಸಂಗ್ರಾಹಕನಲ್ಲಿಯೂ ಅದೇ ಕಣ್ಣಿದೆ. ಅದನ್ನು ಅವನು ವಟ್ಟವಿಲ್ಲದೆ ಊರಿಗೆ ಕೊಡಬಲ್ಲನು. ನಮ್ಮ ಕಾಲೇಜುಗಳ ಇತಿಹಾಸ ಸಂಘಗಳು ಹತ್ತು ರೂಪಾಯಿಯ ಹದಿನಾಲ್ಕು ವಿನ್ಯಾಸಗಳನ್ನು ಒಂದು ಹಲಗೆಯ ಮೇಲೆ ಜೋಡಿಸಿ ಸಂತೆಯ ದಿನ ಪೇಟೆಯಲ್ಲಿ ತೋರಿಸಿದರೆ, ಅದು ದೆಹಲಿಗೆ ಕಳುಹಿಸುವ ಮನವಿಗಿಂತ ಮೊದಲು ಮಾಡಬೇಕಾದ ಕೆಲಸ. ಮನವಿಗೆ ಬಲ ತರುವ ಕೆಲಸವೂ ಅದೇ.