ಅಡಿಕೆ ಸೀಮೆಯಿಂದ ಕಿದ್ವಾಯಿಗೆ: ಬಾಯಿ ಮತ್ತು ಸ್ತನ ಕ್ಯಾನ್ಸರ್ ಚಿಕಿತ್ಸೆಯ ಚರಿತ್ರೆ

ಹಿರಿಯೂರಿನ ಬಳಿ ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಮಾರಿಕಣಿವೆಯ ಅಣೆಕಟ್ಟು, ಅಂದರೆ ಇಂದಿನ ವಾಣಿವಿಲಾಸ ಸಾಗರ, ಮಳೆ ಕಡಿಮೆ ಬೀಳುವ ಚಿತ್ರದುರ್ಗ ಸೀಮೆಯಲ್ಲಿ ತೋಟದ ಬೆಳೆಗಳಿಗೆ ಆಸರೆಯಾಯಿತು. ಹೊಳಲ್ಕೆರೆ, ಹೊಸದುರ್ಗ ಮತ್ತು ಭೀಮಸಮುದ್ರದ ಸುತ್ತಮುತ್ತ ಕೆರೆ ಬಾವಿಗಳ ನೀರನ್ನೂ, ಮುಂದೆ ಕೊಳವೆಬಾವಿಗಳ ನೀರನ್ನೂ ನಂಬಿ ಅಡಿಕೆ ತೋಟಗಳು ಹಬ್ಬಿದವು. ಇಲ್ಲಿನ ಅಡಿಕೆ ಕರಾವಳಿಯ ಚಾಲಿಯಂತೆ ಹಣ್ಣುಗಾಯಿಯನ್ನು ಒಣಗಿಸಿ ಸುಲಿದದ್ದಲ್ಲ, ಹಸಿಗಾಯಿಯನ್ನು ಸುಲಿದು ಬೇಯಿಸಿ ಒಣಗಿಸಿದ ಕೆಂಪಡಿಕೆ. ಚಿತ್ರದುರ್ಗದ ಮಾರುಕಟ್ಟೆಯಲ್ಲಿ ಅಪಿ, ಕೆಂಪುಗೋಟು, ಬೆಟ್ಟೆ, ರಾಶಿ ಎಂಬ ಹೆಸರುಗಳಲ್ಲಿ ಬಿಕರಿಯಾಗುವ ಈ ಸರಕು ಉತ್ತರ ಭಾರತದ ಪಾನ್ ಮಸಾಲಾ ಮತ್ತು ಗುಟ್ಕಾ ತಯಾರಕರಿಗೂ ಹೋಗುತ್ತದೆ. ಮದುವೆಯ ವೀಳ್ಯಶಾಸ್ತ್ರದಲ್ಲಿ ಮಂಗಳದ್ರವ್ಯವಾದ ಅದೇ ಅಡಿಕೆ, ಎಲೆ, ಸುಣ್ಣ ಮತ್ತು ಕಡ್ಡಿಪುಡಿಯೊಡನೆ ಸೇರಿ ಹೊಲದ ಕೂಲಿಯವರ ಎಲೆಚೀಲದಲ್ಲಿ ದಿನವಿಡೀ ಇರುವ ವಸ್ತುವೂ ಹೌದು. ಆದ್ದರಿಂದ ಈ ಜಿಲ್ಲೆಯಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರ್, ಅಂದರೆ ಮಿದುಳನ್ನು ಬಿಟ್ಟು ಬಾಯಿ, ನಾಲಿಗೆ, ಕೆನ್ನೆಯ ಒಳಪದರ, ಗಂಟಲು ಮತ್ತು ಧ್ವನಿಪೆಟ್ಟಿಗೆಯಲ್ಲಿ ಹುಟ್ಟುವ ಕ್ಯಾನ್ಸರ್‌ಗಳ ಚರಿತ್ರೆಯನ್ನು ಬರೆಯುವವರು ಆಸ್ಪತ್ರೆಗಿಂತ ಮೊದಲು ತೋಟವನ್ನು ನೋಡಬೇಕಾಗುತ್ತದೆ.

ಎಲೆಅಡಿಕೆಗೂ ಬಾಯಿಯ ಹುಣ್ಣಿಗೂ ಇರುವ ನಂಟನ್ನು ದಕ್ಷಿಣ ಭಾರತದ ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದರು. ತಿರುವಾಂಕೂರಿನ ತಾಂಬೂಲ ಜಗಿಯುವವರಲ್ಲಿ ಕಂಡ ಬಾಯಿ ಕ್ಯಾನ್ಸರ್ ಬಗ್ಗೆ ಐ.ಎಂ. ಆರ್ ಅವರು 1933ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದ ಲೇಖನ ಈ ವಿಷಯದ ಆರಂಭದ ಗಟ್ಟಿ ದಾಖಲೆಗಳಲ್ಲಿ ಒಂದು. ಕರ್ನಾಟಕದ ಮಟ್ಟಿಗೆ ನಿಜವಾದ ಲೆಕ್ಕ ಶುರುವಾದದ್ದು 1982ರಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಡಿ ಬೆಂಗಳೂರಿನ ಜನಸಂಖ್ಯೆಯನ್ನು ಆಧರಿಸಿದ ಕ್ಯಾನ್ಸರ್ ನೋಂದಣಿ ಆರಂಭವಾದಾಗ. ಇಂಥ ನೋಂದಣಿಯೆಂದರೆ ಒಂದು ನಿಗದಿತ ಪ್ರದೇಶದಲ್ಲಿ ವಾಸಿಸುವವರಲ್ಲಿ ಪತ್ತೆಯಾದ ಪ್ರತಿಯೊಂದು ಕ್ಯಾನ್ಸರನ್ನೂ, ಚಿಕಿತ್ಸೆ ಎಲ್ಲೇ ನಡೆದಿರಲಿ, ಹುಡುಕಿ ಬರೆದಿಡುವ ವ್ಯವಸ್ಥೆ. ಈ ನೋಂದಣಿಯ ಆಧಾರದ ಮೇಲೆ ಎ. ನಂದಕುಮಾರ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನ, ಬಾಯಿ ಕ್ಯಾನ್ಸರ್ ಇದ್ದವರನ್ನು ಅದೇ ವಯಸ್ಸಿನ, ಕ್ಯಾನ್ಸರ್ ಇಲ್ಲದವರೊಡನೆ ಹೋಲಿಸಿ, ಹೊಗೆಸೊಪ್ಪು ಸೇರಿಸಿದ ಎಲೆಅಡಿಕೆಯ ಅಪಾಯ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚೆಂದೂ, ದವಡೆಯಲ್ಲಿ ಒತ್ತರಿಸಿಟ್ಟುಕೊಳ್ಳುವ ಅವಧಿ ಉದ್ದವಾದಷ್ಟೂ ಅಪಾಯ ಏರುತ್ತದೆಂದೂ ತೋರಿಸಿತು. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ತೀರ್ಮಾನ ಅಡಿಕೆ ಬೆಳೆಗಾರರಿಗೆ ಕಹಿಯಾಗಿದ್ದರೂ ಅದಕ್ಕೆ ಆಧಾರ ಸಾಕಷ್ಟಿತ್ತು. ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ಅಗಲವಾಗಿ ತೆರೆಯಲಾಗದಂತೆ ಮಾಡುವ ಕಾಯಿಲೆ, ವೈದ್ಯರು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುವ ಕ್ಯಾನ್ಸರ್‌ಪೂರ್ವ ಸ್ಥಿತಿ, ಮುಖ್ಯವಾಗಿ ಅಡಿಕೆಯಿಂದಲೇ ಬರುತ್ತದೆ. ಗುಟ್ಕಾವನ್ನು ಕರ್ನಾಟಕ ಸರ್ಕಾರ ನಿಷೇಧಿಸಿದ್ದು 2013ರಲ್ಲಿ. ಪಾನ್ ಮಸಾಲಾ ಮತ್ತು ತಂಬಾಕು ಬೇರೆ ಬೇರೆ ಪೊಟ್ಟಣಗಳಲ್ಲಿ ಬಂದು ತಿನ್ನುವವರ ಅಂಗೈಯಲ್ಲಿ ಒಂದಾದದ್ದರಿಂದ ಆ ನಿಷೇಧ ಅರ್ಧಕ್ಕೇ ನಿಂತಿತು.

ಸ್ತನ ಕ್ಯಾನ್ಸರ್‌ನ ಕಥೆ ಬೇರೆ. ಅದಕ್ಕೆ ಇಂಥದ್ದೇ ಚಟವೆಂದು ಬೆರಳು ತೋರಿಸಲು ಬಾರದು. ನೋವಿಲ್ಲದ ಗಂಟು ಮೈಮೇಲೆ ಇದ್ದರೂ ಮನೆಯ ಕೆಲಸ, ಸಂಕೋಚ, ಗಂಡಸು ವೈದ್ಯರಿಗೆ ತೋರಿಸಲು ಹಿಂಜರಿಕೆ ಮತ್ತು ಕೈಯಲ್ಲಿ ಕಾಸಿಲ್ಲದಿರುವುದು ಎಲ್ಲ ಸೇರಿ ಹೆಂಗಸರು ಆಸ್ಪತ್ರೆ ತಲುಪುವುದು ತಡವಾಗುತ್ತಿತ್ತು, ಈಗಲೂ ತಡವಾಗುತ್ತಿದೆ. ಈ ಎರಡು ಕ್ಯಾನ್ಸರ್‌ಗಳನ್ನು ಒಟ್ಟಿಗೆ ನೋಡಲು ಕಾರಣವಿದೆ: ಎರಡೂ ಕಣ್ಣಿಗೆ ಕಾಣುವ ಅಥವಾ ಕೈಗೆ ಸಿಗುವ ಜಾಗದಲ್ಲಿ ಹುಟ್ಟುತ್ತವೆ, ಎರಡರಲ್ಲೂ ರೋಗ ಮೊದಲು ಹತ್ತಿರದ ದುಗ್ಧಗ್ರಂಥಿಗಳಿಗೆ, ಅಂದರೆ ಕಂಕುಳಿನ ಅಥವಾ ಕತ್ತಿನ ಗಂಟುಗಳಿಗೆ ಹರಡುತ್ತದೆ, ಮತ್ತು ಎರಡರ ಶಸ್ತ್ರಚಿಕಿತ್ಸೆಯೂ ಒಂದೇ ತರ್ಕದಿಂದ ಬೆಳೆಯಿತು. ಅಮೆರಿಕದ ಬಾಲ್ಟಿಮೋರಿನ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಸ್ತನ, ಅದರಡಿಯ ಎದೆಯ ಸ್ನಾಯು ಮತ್ತು ಕಂಕುಳಿನ ಗ್ರಂಥಿಗಳನ್ನು ಒಟ್ಟಾಗಿ ಕಿತ್ತು ತೆಗೆಯಲಾಗುತ್ತಿತ್ತು. ಕ್ಲೀವ್‌ಲ್ಯಾಂಡಿನ ಜಾರ್ಜ್ ಕ್ರೈಲ್ 1906ರಲ್ಲಿ ಕತ್ತಿನ ಒಂದು ಪಕ್ಕದ ಗ್ರಂಥಿಗಳನ್ನೂ ಅವುಗಳ ಸುತ್ತಲಿನ ಸ್ನಾಯು ಮತ್ತು ರಕ್ತನಾಳವನ್ನೂ ಅದೇ ರೀತಿ ತೆಗೆಯುವ ಕ್ರಮವನ್ನು ವಿವರಿಸಿದರು. ಬದುಕಿದವರು ಎತ್ತಲಾಗದ ತೋಳು, ಜೋತುಬಿದ್ದ ಹೆಗಲು ಹೊತ್ತು ಬದುಕಿದರು, ಮತ್ತು ಇಪ್ಪತ್ತನೆಯ ಶತಮಾನದ ಬಹುಭಾಗ ಇದೇ ಒಳ್ಳೆಯ ಚಿಕಿತ್ಸೆ ಎನಿಸಿಕೊಂಡಿತು.

ಚಿತ್ರದುರ್ಗದ ರೋಗಿಗಳಿಗೆ ಈ ಚಿಕಿತ್ಸೆಯಾದರೂ ಹತ್ತಿರದಲ್ಲಿ ಇರಲಿಲ್ಲ. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದ ಕಾಲದಲ್ಲಿ, 1965ರಲ್ಲಿ, ಅಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾಯಿತು. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ಆ ಕಾಲೇಜೂ ಗಡಿಯಾಚೆಗೆ ಹೋಯಿತು, ಚಿತ್ರದುರ್ಗ ನಗರದಲ್ಲಿ ಬಸವೇಶ್ವರ ವೈದ್ಯಕೀಯ ಕಾಲೇಜು ಅನಂತರ ಬಂದಿತು. ಕ್ಯಾನ್ಸರ್‌ಗೆಂದೇ ಮೀಸಲಾದ ಸರ್ಕಾರಿ ಸಂಸ್ಥೆ ರಾಜ್ಯಕ್ಕೆ ದೊರೆತದ್ದು 1973ರಲ್ಲಿ, ರಫಿ ಅಹಮದ್ ಕಿದ್ವಾಯಿ ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸ್ಮಾರಕ ಗಂಥಿ ಸಂಸ್ಥೆಯಿಂದ. ಅದು 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಹಳ್ಳಿಯ ಮಾತಿನಲ್ಲಿ 'ಕಿದ್ವಾಯಿಗೆ ಹೋಗುವುದು' ಎಂದರೆ ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳದೆಯೇ ಹೇಳುವ ಬಗೆಯಾಯಿತು.

ಆದರೆ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್. ಶಸ್ತ್ರಚಿಕಿತ್ಸೆಗೆ ಒಮ್ಮೆ ಹೋಗಿ ದಾಖಲಾಗಿ ಬರಬಹುದು; ವಿಕಿರಣ ಚಿಕಿತ್ಸೆ, ಜನ 'ಕರೆಂಟ್ ಕೊಡುವುದು' ಎಂದು ಕರೆಯುವ ಚಿಕಿತ್ಸೆ, ಹಾಗಲ್ಲ. ಒಂದೇ ಸಲಕ್ಕೆ ಪೂರ್ತಿ ವಿಕಿರಣ ಕೊಟ್ಟರೆ ಆರೋಗ್ಯದ ಅಂಗಾಂಶವೂ ಸುಟ್ಟುಹೋಗುವುದರಿಂದ ಅದನ್ನು ದಿನಕ್ಕೊಂದು ಸಣ್ಣ ಕಂತಿನಂತೆ ವಾರಕ್ಕೆ ಐದು ದಿನ ಕೊಡಬೇಕು. ಬಾಯಿ ಮತ್ತು ಗಂಟಲಿನ ಕ್ಯಾನ್ಸರ್‌ಗೆ 30ರಿಂದ 35 ಕಂತುಗಳು, ಅಂದರೆ ಆರೇಳು ವಾರ, ಮತ್ತು ಸ್ತನ ಕ್ಯಾನ್ಸರ್‌ಗೆ ಹಳೆಯ ಕ್ರಮದಲ್ಲಿ 25 ಕಂತುಗಳು, ಐದು ವಾರ. ಪ್ರತಿದಿನದ ಚಿಕಿತ್ಸೆ ಮುಗಿಯಲು ಕೆಲವೇ ನಿಮಿಷ ಸಾಕಾದರೂ ಹೊಸದುರ್ಗದ ಕೂಲಿಕಾರ್ತಿಗೆ ಅದರ ಬೆಲೆ ಐದಾರು ವಾರಗಳ ಕೂಲಿ, ಜೊತೆಗೆ ಬಂದವರ ಕೂಲಿ, ಉಳಿಯಲು ಧರ್ಮಶಾಲೆ, ಮನೆಯಲ್ಲಿ ಮಕ್ಕಳನ್ನೂ ದನಕರುಗಳನ್ನೂ ನೋಡಿಕೊಳ್ಳಲು ಇನ್ನೊಬ್ಬರು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟುಹೋದವರನ್ನು ಅಜ್ಞಾನಿಗಳೆಂದು ದೂರುವ ಬರಹಗಳು ಈ ಲೆಕ್ಕವನ್ನು ಹಾಕಿದಂತೆ ಕಾಣುವುದಿಲ್ಲ.

ಆದ್ದರಿಂದಲೇ ಕಳೆದ ಐವತ್ತು ವರ್ಷಗಳ ಸಂಶೋಧನೆಯಲ್ಲಿ ಈ ಸೀಮೆಗೆ ಹೆಚ್ಚು ಉಪಕಾರ ಮಾಡಿದ್ದು ಚಿಕಿತ್ಸೆಯನ್ನು ಕಿರಿದಾಗಿಸಿದ, ಸುಲಭವಾಗಿಸಿದ ಸಂಶೋಧನೆ. ಅಮೆರಿಕದ ಬರ್ನಾರ್ಡ್ ಫಿಶರ್ 1970ರ ದಶಕದಲ್ಲಿ ಆರಂಭಿಸಿದ ಪ್ರಯೋಗಗಳಲ್ಲಿ ರೋಗಿಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಗುಂಪುಗಳಾಗಿ ವಿಂಗಡಿಸಿ ಭಿನ್ನ ಚಿಕಿತ್ಸೆ ನೀಡಿ ವರ್ಷಗಟ್ಟಲೆ ಹಿಂಬಾಲಿಸಲಾಯಿತು. ಆರಂಭದ ಹಂತದಲ್ಲಿ ಗಂಟನ್ನು ಮಾತ್ರ ತೆಗೆದು ವಿಕಿರಣ ಕೊಟ್ಟರೂ ಇಡೀ ಸ್ತನವನ್ನು ತೆಗೆದಷ್ಟೇ ಕಾಲ ಬದುಕು ದೊರೆಯುತ್ತದೆಂದು ಅವು ತೋರಿಸಿದವು. ಬ್ರಿಟನ್ನಿನ 'ಸ್ಟಾರ್ಟ್' ಪ್ರಯೋಗಗಳ 2008ರ ಫಲಿತಾಂಶ 25 ಕಂತುಗಳ ಬದಲು 15 ಸಾಕೆಂದಿತು, ಮತ್ತು 2020ರಲ್ಲಿ ಪ್ರಕಟವಾದ 'ಫಾಸ್ಟ್ ಫಾರ್ವರ್ಡ್' ಪ್ರಯೋಗ ಐದೇ ಕಂತುಗಳಲ್ಲಿ, ಒಂದು ವಾರದಲ್ಲಿ, ಸಮನಾದ ಫಲ ಕಂಡಿತು. ಯಂತ್ರಗಳ ಸಮಯ ಉಳಿಸುವುದೂ ಅಲ್ಲಿನ ವೈದ್ಯರ ಉದ್ದೇಶಗಳಲ್ಲಿ ಒಂದಾಗಿತ್ತು. ಹಿರಿಯೂರಿನ ಹೆಂಗಸಿಗೆ ಅದರಿಂದ ಉಳಿಯುವುದು ಒಂದು ತಿಂಗಳ ಪರಸ್ಥಳವಾಸ.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ನಡೆದ ಕೆಲಸ ಇನ್ನೂ ನೇರವಾಗಿ ಈ ದೇಶದ ರೋಗಿಗಳ ಸ್ಥಿತಿಯಿಂದ ಹುಟ್ಟಿದ್ದು. ಬಾಯಿಯ ಸಣ್ಣ ಕ್ಯಾನ್ಸರನ್ನು ತೆಗೆಯುವಾಗ, ಕತ್ತಿನಲ್ಲಿ ಗಂಟು ಕಾಣದಿದ್ದರೂ, ಅಲ್ಲಿನ ಗ್ರಂಥಿಗಳನ್ನು ಅದೇ ಸಲ ತೆಗೆಯಬೇಕೆ ಅಥವಾ ಕಾಯ್ದು ನೋಡಿ ಗಂಟು ಬಂದಾಗ ತೆಗೆಯಬೇಕೆ ಎಂಬ ಪ್ರಶ್ನೆ ದಶಕಗಳಿಂದ ಇತ್ಯರ್ಥವಾಗದೆ ಉಳಿದಿತ್ತು. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿಶ್ಲೇಷಣೆಗೆ ಒಳಪಟ್ಟ 500 ರೋಗಿಗಳ ಪೈಕಿ ಮೊದಲೇ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ನೂರಕ್ಕೆ 80 ಮಂದಿ ಬದುಕಿದ್ದರು, ಕಾಯ್ದು ನೋಡಿದವರಲ್ಲಿ 67.5. ಕಾಯ್ದು ನೋಡುವ ಕ್ರಮ ರೋಗಿ ತಪ್ಪದೆ ಮತ್ತೆ ಮತ್ತೆ ತಪಾಸಣೆಗೆ ಬರುತ್ತಾರೆಂಬ ನಂಬಿಕೆಯ ಮೇಲೆ ನಿಂತದ್ದು. ಮಹಾನಗರದ ಆಸ್ಪತ್ರೆಗೆ ಎರಡು ಬಸ್ಸು ಬದಲಿಸಿ ಬರಬೇಕಾದವರ ವಿಷಯದಲ್ಲಿ ಆ ನಂಬಿಕೆ ಎಷ್ಟು ದುರ್ಬಲವೆಂಬುದು ಯಾರಿಗೂ ತಿಳಿಯುವಂಥದ್ದು. ಅದೇ ಆಸ್ಪತ್ರೆಯ ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ಅದೇ ವರ್ಷ, ರೋಗ ಆಗಲೇ ದೇಹದ ಬೇರೆಡೆ ಹರಡಿರುವ 350 ಹೆಂಗಸರಲ್ಲಿ ಸ್ತನದ ಶಸ್ತ್ರಚಿಕಿತ್ಸೆಯಿಂದ ಆಯುಷ್ಯವೇನೂ ಹೆಚ್ಚುವುದಿಲ್ಲವೆಂದು ತೋರಿಸಿ, ಪ್ರಯೋಜನವಿಲ್ಲದ ನೋವು ಮತ್ತು ಖರ್ಚನ್ನು ತಪ್ಪಿಸಿದರು. ಅವರ 2023ರ ಇನ್ನೊಂದು ಪ್ರಯೋಗ ಇನ್ನೂ ಸೋಜಿಗದ್ದು: ಶಸ್ತ್ರಚಿಕಿತ್ಸೆಗೆ ಮುಂಚೆ ಗಂಟಿನ ಸುತ್ತ ಲಿಡೋಕೇನ್, ಅಂದರೆ ಹಲ್ಲು ಕೀಳುವಾಗ ಮರಗಟ್ಟಿಸಲು ಬಳಸುವ ಅಗ್ಗದ ಔಷಧ, ಚುಚ್ಚಿದ ಹೆಂಗಸರಲ್ಲಿ ಐದು ವರ್ಷ ಬದುಕಿದವರ ಪ್ರಮಾಣ ನೂರಕ್ಕೆ 86.4ರಿಂದ 90.1ಕ್ಕೆ ಏರಿತು.

ಶಸ್ತ್ರಚಿಕಿತ್ಸೆಯ ಹಂತ ಮೀರಿ ಬಂದವರಿಗೂ ಈ ದಾರಿಯಲ್ಲಿ ಪಾಲು ದೊರೆಯಿತು. ಮರುಕಳಿಸಿದ ತಲೆ ಮತ್ತು ಕತ್ತಿನ ಕ್ಯಾನ್ಸರ್‌ಗೆ ಮೆಥೊಟ್ರೆಕ್ಸೇಟ್ ಮತ್ತು ಸೆಲೆಕಾಕ್ಸಿಬ್ ಎಂಬ ಎರಡು ಅಗ್ಗದ ಮಾತ್ರೆಗಳನ್ನು ಮನೆಯಲ್ಲೇ ನುಂಗುವ ಕ್ರಮ, ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೊಡುವ ಸಿಸ್‌ಪ್ಲಾಟಿನ್‌ಗಿಂತ ತುಸು ಮೇಲೆಂದು ಟಾಟಾ ಆಸ್ಪತ್ರೆಯ ವಿಜಯ್ ಪಾಟೀಲ್, ಕುಮಾರ್ ಪ್ರಭಾಷ್ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದರು. ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ನಿವೊಲುಮಾಬ್ ಔಷಧವನ್ನು ವಾಡಿಕೆಯ ಪ್ರಮಾಣದ ಹತ್ತರಲ್ಲಿ ಒಂದಕ್ಕಿಂತಲೂ ಕಡಿಮೆ, ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ, ಮಾತ್ರೆಗಳೊಡನೆ ಕೊಟ್ಟಾಗ ಒಂದು ವರ್ಷ ಬದುಕಿದವರು ನೂರಕ್ಕೆ 16.3ರಿಂದ 43.4 ಆದದ್ದನ್ನು ಅದೇ ತಂಡ 2023ರಲ್ಲಿ ಪ್ರಕಟಿಸಿತು. ಬೆಂಗಳೂರಿನಲ್ಲಿ ತಲೆ ಮತ್ತು ಕತ್ತಿನ ಶಸ್ತ್ರವೈದ್ಯ ವಿಶಾಲ್ ರಾವ್ ಅವರು ಶಶಾಂಕ್ ಮಹೇಶ್ ಅವರೊಡನೆ ರೂಪಿಸಿದ 'ಓಂ' ಧ್ವನಿಸಾಧನವೂ ಇದೇ ಸಾಲಿಗೆ ಸೇರಬೇಕು. ಧ್ವನಿಪೆಟ್ಟಿಗೆ ಕಳೆದುಕೊಂಡವರು ಮತ್ತೆ ಮಾತನಾಡಲು ಸಾವಿರಾರು ರೂಪಾಯಿಯ ಆಮದು ಸಾಧನವನ್ನು ಅವಲಂಬಿಸಬೇಕಿದ್ದಾಗ ಅದನ್ನು ಸುಮಾರು 50 ರೂಪಾಯಿಗೆ ದೊರಕಿಸುವುದು ಅವರ ಗುರಿಯಾಗಿತ್ತು.

ಚಿಕಿತ್ಸೆಯ ಹಣದ ವಿಷಯದಲ್ಲಿ ಚಿತ್ರದುರ್ಗದ ಗಡಿಯೇ ಒಂದು ಪಾಠವಾಯಿತು. ಬಡತನ ರೇಖೆಗಿಂತ ಕೆಳಗಿನವರಿಗೆ ಕ್ಯಾನ್ಸರ್ ಮೊದಲಾದ ದೊಡ್ಡ ಕಾಯಿಲೆಗಳ ಚಿಕಿತ್ಸೆಯನ್ನು ಉಚಿತವಾಗಿಸಿದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಗುಲಬರ್ಗಾ ವಿಭಾಗದಲ್ಲಿ, ಅನಂತರ ಬೆಳಗಾವಿ ವಿಭಾಗದಲ್ಲಿ ಜಾರಿಯಾಯಿತು. ಬೆಂಗಳೂರು ವಿಭಾಗಕ್ಕೆ ಸೇರಿದ ಚಿತ್ರದುರ್ಗ 2012ರವರೆಗೆ ಕಾಯಬೇಕಾಯಿತು, ಅಂದರೆ ಬಳ್ಳಾರಿ ಜಿಲ್ಲೆಯ ಹಳ್ಳಿಗೆ ಸಿಕ್ಕಿದ್ದು ಪಕ್ಕದ ಮೊಳಕಾಲ್ಮೂರಿನ ಹಳ್ಳಿಗೆ ಸಿಗಲಿಲ್ಲ. ಈ ವಿಭಾಗಗಳ ಗಡಿರೇಖೆಯ ಎರಡೂ ಬದಿಯ ಹಳ್ಳಿಗಳನ್ನು ಹೋಲಿಸಿ ನೀರಜ್ ಸೂದ್ ಮತ್ತು ಸಂಗಡಿಗರು 2014ರಲ್ಲಿ 'ಬಿ.ಎಂ.ಜೆ.' ಪತ್ರಿಕೆಯಲ್ಲಿ ಬರೆದ ಅಧ್ಯಯನ, ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವಿನ ಪ್ರಮಾಣ ಯೋಜನೆ ಇದ್ದ ಕಡೆ 0.32, ಇಲ್ಲದ ಕಡೆ 0.90 ಪ್ರತಿಶತವೆಂದು ಕಂಡಿತು. ಔಷಧವಿದ್ದೂ ಅದು ಕೈಗೆಟುಕದಿದ್ದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ನೇರವಾದ ಅಳತೆ ಕರ್ನಾಟಕದಲ್ಲಿ ಸಿಗುವುದು ಕಷ್ಟ.

ಮೊದಲೇ ಪತ್ತೆಹಚ್ಚುವ ವಿಷಯದಲ್ಲೂ ದಾರಿ ಮುಚ್ಚಿಲ್ಲ. ತಿರುವನಂತಪುರದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಬರಿಗಣ್ಣಿನಿಂದ ಬಾಯಿ ನೋಡಿದ ಪ್ರಯೋಗದಲ್ಲಿ ತಂಬಾಕು ಅಥವಾ ಮದ್ಯ ಬಳಸುವವರ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರರಲ್ಲಿ ಒಂದರಷ್ಟು ತಗ್ಗಿದ್ದು 2005ರಲ್ಲಿ ವರದಿಯಾಯಿತು. ಮುಂಬಯಿಯಲ್ಲಿ 1998ರಿಂದ ಇಪ್ಪತ್ತು ವರ್ಷ ನಡೆದ ಪ್ರಯೋಗದಲ್ಲಿ ತರಬೇತಿ ಪಡೆದ ಹೆಣ್ಣುಮಕ್ಕಳು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷಿಸಿದಾಗ 50 ದಾಟಿದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಸಾವು ನೂರಕ್ಕೆ ಸುಮಾರು 30ರಷ್ಟು ಇಳಿಯಿತು. ಇವೆರಡಕ್ಕೂ ಬೇಕಾದದ್ದು ಟಾರ್ಚು, ತರಬೇತಿ ಮತ್ತು ಹಳ್ಳಿ ಹಳ್ಳಿಗೆ ಹೋಗುವ ಕಾರ್ಯಕರ್ತೆ. ಆಶಾ ಕಾರ್ಯಕರ್ತೆಯರು ಈ ಜಿಲ್ಲೆಯಲ್ಲಿ ಈಗಾಗಲೇ ಇದ್ದಾರೆ. ಆದರೆ ಬೆಂಗಳೂರಿನ ನೋಂದಣಿ ಎಣಿಸುವುದು ಬೆಂಗಳೂರಿನ ನಿವಾಸಿಗಳನ್ನು ಮಾತ್ರ, ಆದ್ದರಿಂದ ಅಡಿಕೆ ಬೆಳೆದು, ಅಡಿಕೆ ತಿಂದು, ಕಿದ್ವಾಯಿಗೆ ಹೋಗಿ ಬಂದ ಹೊಳಲ್ಕೆರೆ, ಹೊಸದುರ್ಗದ ಜನ ಆ ಲೆಕ್ಕದ ಹೊರಗೇ ಉಳಿದಿದ್ದಾರೆ. ಚಿತ್ರದುರ್ಗದ ವೈದ್ಯಕೀಯ ಕಾಲೇಜುಗಳು ಮತ್ತು ಜಿಲ್ಲಾ ಆಸ್ಪತ್ರೆ ಕೂಡಿ ಜಿಲ್ಲೆಯದೇ ಒಂದು ಕ್ಯಾನ್ಸರ್ ನೋಂದಣಿಯನ್ನು ಆರಂಭಿಸಬೇಕು. ಆರು ತಾಲ್ಲೂಕುಗಳಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಹಂತದಲ್ಲಿ ಈ ಕಾಯಿಲೆ ಪತ್ತೆಯಾಗುತ್ತಿದೆ ಎಂಬುದು ಅಲ್ಲಿಂದಲೇ ತಿಳಿಯಬೇಕಾಗಿದೆ.